ಜೀನ್‌ನ ಜಾಗದಲ್ಲಿ ತಾರೀಖು

ಕೇಳುಗರಿಗೆ ನಮಸ್ಕಾರ.

ಮಾರ್ಚ್1 ಅಂತ ಒಂದು ಜೀನ್ ಇತ್ತು. ಎಕ್ಸೆಲ್‌ನಲ್ಲಿ ಆ ಹೆಸರು ಬರೆದರೆ ಸಾಕು, ಎಕ್ಸೆಲ್ ಅದನ್ನು ತಾರೀಖು ಅಂದುಕೊಂಡು ಬದಲಾಯಿಸಿಬಿಡುತ್ತಿತ್ತು. ಎಷ್ಟೋ ಸಂಶೋಧನಾ ಲೇಖನಗಳ ಪಟ್ಟಿಯಲ್ಲಿ ಜೀನ್ ಇರಬೇಕಾದ ಕಡೆ ತಾರೀಖು ಕೂತಿತ್ತು. ಕೊನೆಗೆ ಸೋತವರು ವಿಜ್ಞಾನಿಗಳೇ. ಜೀನ್‌ನ ಹೆಸರನ್ನೇ ಮಾರ್ಚ್‌ಎಫ್1 ಅಂತ ಬದಲಾಯಿಸಿದರು!

ಬಯೋಇನ್ಫರ್ಮ್ಯಾಟಿಕ್ಸ್ ಅಂದರೆ ಜೀವಿಗಳ ಡೇಟಾವನ್ನು ಕಂಪ್ಯೂಟರ್‌ನಿಂದ ವಿಶ್ಲೇಷಿಸುವ ವಿಜ್ಞಾನ. ಅದರಲ್ಲಿ ವಿಜ್ಞಾನಿ ಆಗಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಕಥೆ ಇದು. ಈ ಕೆಲಸದಲ್ಲಿ ಡೇಟಾ ಮೇಲೆ ಅನುಮಾನ ಪಡುವುದೇ ಜಾಸ್ತಿ.

ಮನುಷ್ಯನ ಜೀನೋಮ್‌ನಲ್ಲಿ, ಅಂದರೆ ಇಡೀ ಡಿಎನ್‌ಎಯಲ್ಲಿ, ಸುಮಾರು 300 ಕೋಟಿ ಅಕ್ಷರಗಳಿವೆ. ಎ, ಸಿ, ಜಿ, ಟಿ, ಈ ನಾಲ್ಕೇ ಮತ್ತೆ ಮತ್ತೆ. ಡಿಎನ್‌ಎ ಓದುವ ಯಂತ್ರ ಅದನ್ನು ಒಂದೇ ಉಸಿರಿಗೆ ಓದಿ ಕೊಡುವುದಿಲ್ಲ. ಚೂರು ಚೂರಾಗಿ ಕೊಡುತ್ತದೆ, ಎಷ್ಟೋ ಸಲ ಒಂದು ಚೂರಿಗೆ ಬರೀ 150 ಅಕ್ಷರ. ಅಂಥ ಕೋಟಿಗಟ್ಟಲೆ ಚೂರುಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ಎಲ್ಲಿ ಒಂದಕ್ಷರ ಬೇರೆ ಇದೆ ಅಂತ ಹುಡುಕಬೇಕು. ಸಿಕ್ಕಿತು ಅನ್ನಿ. ಅದು ಕಾಯಿಲೆಯ ಸುಳಿವೋ, ಯಂತ್ರ ತಪ್ಪಾಗಿ ಓದಿದ್ದೋ? ಇದನ್ನು ಹೇಳಲು ಬರೀ ಪ್ರೋಗ್ರಾಮಿಂಗ್ ಸಾಲದು. ಸಂಖ್ಯಾಶಾಸ್ತ್ರ ಬೇಕು, ಜೀವಶಾಸ್ತ್ರವೂ ಬೇಕು. ಇನ್ನೊಂದು ತಮಾಷೆ ಕೇಳಿ. ಕೆಲವು ಫೈಲುಗಳು ಅಕ್ಷರಗಳನ್ನು ಸೊನ್ನೆಯಿಂದ ಎಣಿಸುತ್ತವೆ, ಕೆಲವು ಒಂದರಿಂದ. ಎರಡನ್ನೂ ಬೆರೆಸಿದಿರೋ, ಕಂಪ್ಯೂಟರ್ ಗಲಾಟೆ ಮಾಡುವುದಿಲ್ಲ. ಸುಮ್ನೆ ತಪ್ಪು ಉತ್ತರ ಕೊಡುತ್ತದೆ.

ಯಾವ ಡಿಗ್ರಿ ಓದಬೇಕು ಅಂತ ತುಂಬಾ ಜನ ಕೇಳುತ್ತಾರೆ. ಜೀವಶಾಸ್ತ್ರ ಓದಿದವರು ಪೈಥಾನ್, ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗಳನ್ನೂ ಲಿನಕ್ಸ್ ಬಳಸುವುದನ್ನೂ ಕಲಿಯಲಿ. ಕಂಪ್ಯೂಟರ್ ಓದಿದವರು ಜೀವಕೋಶದ ಒಳಗೆ ಏನು ನಡೆಯುತ್ತದೆ ಅಂತ ಕಲಿಯಲಿ. ನನ್ನ ಪ್ರಕಾರ ಎರಡನೆಯವರಿಗೇ ಕಷ್ಟ ಜಾಸ್ತಿ, ಅವರು ಅದನ್ನು ಒಪ್ಪುವುದಿಲ್ಲ ಅಷ್ಟೇ. ಈ ಕ್ಷೇತ್ರಕ್ಕೆ ದಾರಿ ಹಾಕಿದ ಮಾರ್ಗರೆಟ್ ಡೇಹಾಫ್ ಪಿಎಚ್‌ಡಿ ಮಾಡಿದ್ದು ರಸಾಯನಶಾಸ್ತ್ರದಲ್ಲಿ. 1965ರಲ್ಲೇ ಅವರು ಪ್ರೋಟೀನ್‌ಗಳ ಅಕ್ಷರಸಾಲುಗಳನ್ನು ಒಂದೆಡೆ ಸೇರಿಸಿ ಪುಸ್ತಕ ಮಾಡಿದ್ದರು. ಇನ್ನು ಪಿಎಚ್‌ಡಿ ವಿಷಯ. ನಿಮ್ಮದೇ ಪ್ರಶ್ನೆ ಹಿಡಿದು ಸಂಶೋಧನೆ ನಡೆಸಬೇಕಾದರೆ ಸಾಮಾನ್ಯವಾಗಿ ಅದು ಬೇಕೇ ಬೇಕು. ಡೇಟಾ ವಿಶ್ಲೇಷಣೆಯ ಎಷ್ಟೋ ಕೆಲಸಗಳಿಗೆ ಎಂಎಸ್ಸಿ ಸಾಕು.

ಇದು ನಿಮಗೆ ಒಗ್ಗುತ್ತದೋ ಇಲ್ಲವೋ ನೋಡಲು ಖರ್ಚೇನಿಲ್ಲ. ಜೆನ್‌ಬ್ಯಾಂಕ್ ಅನ್ನುವ ಡಿಎನ್‌ಎ ಅಕ್ಷರಸಾಲುಗಳ ಭಂಡಾರ 1982ರಿಂದ ಇದೆ, ಈಗ ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ಬಿಟ್ಟಿಯಾಗಿ ನೋಡಬಹುದು. ಅಲ್ಲಿಂದ ಮನುಷ್ಯನ ಇನ್ಸುಲಿನ್ ಜೀನ್ ತೆಗೆದುಕೊಳ್ಳಿ. ಬ್ಲಾಸ್ಟ್ ಅನ್ನುವ ಹುಡುಕು ಸಾಧನಕ್ಕೆ ಕೊಟ್ಟು, ಇಲಿಯಲ್ಲಿ ಅದರ ಜೋಡಿ ಯಾವುದು ಅಂತ ಕೇಳಿ. ಒಂದಲ್ಲ, ಎರಡು ಸಿಗುತ್ತವೆ. ಎರಡರಲ್ಲಿ ನಿಜವಾದ ಜೋಡಿ ಯಾವುದು, ಇನ್ನೊಂದು ಎಲ್ಲಿಂದ ಬಂತು? ರಾತ್ರಿ ಊಟ ಮರೆತು ಅದನ್ನೇ ಕೆದಕುತ್ತಾ ಕೂತರೆ, ನನಗೊಂದು ಕಾಗದ ಬರೆಯಿರಿ.

ನಮಸ್ಕಾರ.