ಮೊದಲು ಮರ ನೋಡಿ, ಆಮೇಲೆ ಆಂಟೆನಾ

[ದೃಶ್ಯ: ಎರಡು ಮರಗಳ ನಡುವೆ ಕೂದಲೆಳೆಯಂತೆ ಕಾಣುವ ತಂತಿ]

ನಮಸ್ಕಾರ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಬಂತು, ರೇಡಿಯೋನೂ ಬಂತು. ಇನ್ನು ಆಂಟೆನಾ. ಟವರ್ ಇಲ್ಲದಿದ್ದರೆ ಏನಂತೆ, ಮರ ಇದೆ ಅಲ್ವಾ? ಯಾವ ಆಂಟೆನಾ ಅಂತ ಯೋಚಿಸುವ ಮೊದಲು ಹೊರಗೆ ಬಂದು ತಲೆ ಎತ್ತಿ ನೋಡಿ. ಮರ ಎಷ್ಟಿವೆ? ಹಗ್ಗ ಎಷ್ಟು ಎತ್ತರದ ಕೊಂಬೆಗೆ ಹೋಗುತ್ತದೆ? ಹತ್ತಿರದಲ್ಲಿ ಕರೆಂಟ್ ತಂತಿ ಇದ್ದರೆ ಆ ಜಾಗವನ್ನು ಬಿಟ್ಟೇಬಿಡಿ. ಆಂಟೆನಾ ತುಂಡಾಗಿ ಬಿದ್ದರೂ ಅದಕ್ಕೆ ತಾಗಬಾರದು.

ಎರಡು ಮರ ಇದ್ದರೆ ಡೈಪೋಲ್ ಕಟ್ಟಿ, ಅಂದರೆ ನಡುವೆ ಕೇಬಲ್ ಸೇರುವ, ಎರಡು ಸಮ ತೋಳಿನ ತಂತಿ. 143 ಅನ್ನು ನಿಮ್ಮ ಫ್ರೀಕ್ವೆನ್ಸಿಯ ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್. ಆದರೆ ಮರಗಳ ನಡುವೆ ಬರೀ 20 ಮೀಟರ್ ಇದ್ದರೆ ಸಾಲದು. ತಂತಿಯ ತುದಿಗಳಲ್ಲಿ ವೋಲ್ಟೇಜ್ ಜಾಸ್ತಿ, ಅಲ್ಲಿ ಒದ್ದೆ ಎಲೆ ತಾಗಿದರೆ ಟ್ಯೂನಿಂಗ್ ಕದಲುತ್ತದೆ. ಅದಕ್ಕೇ ಎರಡೂ ಕಡೆ ತಂತಿಯನ್ನು ಹಗ್ಗಕ್ಕೆ ಸೇರಿಸುವ, ಕರೆಂಟ್ ಹರಿಯದ ಇನ್ಸುಲೇಟರ್ ಎಲೆಗಳಿಂದ ಒಂದೆರಡು ಮೀಟರ್ ಹೊರಗಿರಲಿ.

ಒಂದೇ ಮರ ಇದ್ದರೆ ಇನ್ವರ್ಟೆಡ್ ವೀ. ಅದೇ ಡೈಪೋಲ್, ನಡುಭಾಗ ಮೇಲೆ, ಎರಡು ತೋಳು ಇಳಿಜಾರಾಗಿ ಕೆಳಗೆ. ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗಬಾರದು. ತುದಿಗಳು ಯಾರ ಕೈಗೂ ಎಟುಕದಿರಲಿ, ಟ್ರಾನ್ಸ್‌ಮಿಟ್ ಮಾಡುವಾಗ ಮುಟ್ಟಿದರೆ ಚರ್ಮ ಸುಡುತ್ತದೆ. ಹೊಸಬರಿಗೆ ನಾನು ಹೇಳುವುದು ಇನ್ವರ್ಟೆಡ್ ವೀಯನ್ನೇ.

ರೇಡಿಯೋದಿಂದ ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್ ನಡುವಿನಿಂದ ಜೋತಾಡುವುದು ಬೇಡ ಅಂದರೆ, ಕೇಬಲನ್ನು ತುದಿಗೆ ಸೇರಿಸುವ ಎಂಡ್ ಫೆಡ್ ಇದೆ. ಒಂದು ತುದಿ ಮನೆ ಹತ್ತಿರ, ಇನ್ನೊಂದು ಮರದ ಮೇಲೆ. ಅರ್ಧ ತರಂಗದ (ತರಂಗದ ಅರ್ಧದಷ್ಟು ಉದ್ದದ) ತಂತಿಯ ತುದಿಯಲ್ಲಿ ಇಂಪೀಡೆನ್ಸ್, ಅಂದರೆ ಸಿಗ್ನಲ್‌ಗೆ ಒಡ್ಡುವ ತಡೆ, ಎರಡು ಸಾವಿರ ಓಮ್ ದಾಟುವುದರಿಂದ ಅದನ್ನು ರೇಡಿಯೋಗೆ ಹೊಂದುವಷ್ಟು ಇಳಿಸಲು 49:1 ಟ್ರಾನ್ಸ್‌ಫಾರ್ಮರ್ ಬೇಕು. ಅದೇ 20 ಮೀಟರ್ ತಂತಿ 14, 21, 28 ಮೆಗಾಹರ್ಟ್ಸ್ ಬ್ಯಾಂಡ್‌ಗಳಲ್ಲೂ ಕೆಲಸ ಮಾಡುತ್ತದೆ.

ಎತ್ತರದ ಮಾತು. 7 ಮೆಗಾಹರ್ಟ್ಸ್‌ನಲ್ಲಿ ಡೈಪೋಲ್ 10 ಮೀಟರ್ ಎತ್ತರದಲ್ಲಿದ್ದರೆ ಸಿಗ್ನಲ್ ಹೆಚ್ಚಾಗಿ ಮೇಲಕ್ಕೇ ಹೋಗಿ, ಅಯಾನುಗೋಳಕ್ಕೆ (ವಾತಾವರಣದ ಮೇಲ್ಭಾಗದ, ರೇಡಿಯೋ ಅಲೆ ಹಿಂತಿರುಗಿಸುವ ಪದರ) ತಾಗಿ ಸುತ್ತಮುತ್ತ ಕೆಲವು ನೂರು ಕಿಲೋಮೀಟರ್‌ಗೆ ಇಳಿಯುತ್ತದೆ. 20 ಮೀಟರ್‌ಗೆ ಏರಿಸಿದರೆ ದೂರದ ದೇಶಗಳಿಗೆ ಅನುಕೂಲ. ಅಷ್ಟು ಎತ್ತರದ ಕೊಂಬೆ ಸಿಗಲಿಲ್ಲ ಅಂತ ಸುಮ್ನೆ ಕೂರಬೇಡಿ. ಹತ್ತಿರದವರ ಜೊತೆ ಮಾತಾಡಲು ಕೆಳಗಿನ ತಂತಿಯೇ ವಾಸಿ.

[ದೃಶ್ಯ: ಕೊಂಬೆ, ರಾಟೆ, ಹಗ್ಗ, ತೂಕ – ಹತ್ತಿರದಿಂದ]

ಈಗ ಇದನ್ನು ಗಮನವಿಟ್ಟು ನೋಡಿ. ನನ್ನ ಮೊದಲ ಡೈಪೋಲನ್ನು ಎರಡು ಮರಕ್ಕೂ ಬಿಗಿಯಾಗಿ, ವೀಣೆಯ ತಂತಿ ಹಾಗೆ ಎಳೆದು ಕಟ್ಟಿದ್ದೆ. ನೋಡೋಕೆ ಚೆಂದ ಇತ್ತು. ಒಂದು ರಾತ್ರಿ ಜೋರು ಗಾಳಿ. ಬೆಳಗ್ಗೆ ನೋಡಿದರೆ ಇನ್ಸುಲೇಟರ್‌ನ ಗಂಟಿನ ಹತ್ತಿರವೇ ತಂತಿ ಕಿತ್ತುಹೋಗಿತ್ತು. ಮರ ಎರಡೂ ಒಂದೇ ತಾಳಕ್ಕೆ ತೂಗುವುದಿಲ್ಲ, ಒಂದು ಈ ಕಡೆ ವಾಲಿದಾಗ ಇನ್ನೊಂದು ಆ ಕಡೆ.

ಆಮೇಲೆ ಹೀಗೆ ಮಾಡಿದೆ. ಮೀನು ಗಾಳದ ದಾರಕ್ಕೆ ಸೀಸದ ಗುಂಡು ಕಟ್ಟಿ ಕವಣೆಯಿಂದ ಕೊಂಬೆಯಾಚೆ ಹಾರಿಸಿದೆ. ಆ ದಾರದಿಂದ ದಪ್ಪ ಹಗ್ಗ ಎಳೆದು, ಹಗ್ಗದಿಂದ ರಾಟೆ ಏರಿಸಿದೆ. ರಾಟೆಯೊಳಗೆ ಇನ್ನೊಂದು ಹಗ್ಗ. ಅದರ ಒಂದು ತುದಿಗೆ ಆಂಟೆನಾ, ಇನ್ನೊಂದಕ್ಕೆ ಮರಳು ತುಂಬಿದ ಡಬ್ಬಿ. ಹಗ್ಗ ಪಾಲಿಯೆಸ್ಟರ್‌ನದೇ ಇರಲಿ, ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ.

[ದೃಶ್ಯ: ಗಾಳಿಗೆ ಮರ ತೂಗುತ್ತಿದೆ. ಡಬ್ಬಿ ಒಂದು ಗೇಣು ಮೇಲೇರಿ, ನಿಧಾನಕ್ಕೆ ಇಳಿಯುತ್ತದೆ. ತಂತಿ ಅಲ್ಲೇ ಇದೆ]