ಬೆಳಗಿನ ಎಚ್‌ಆರ್‌ವಿ: ಸಂಖ್ಯೆ ನಂಬುವಂತಿರಬೇಕಾದರೆ

[ತೆರೆಯ ಮೇಲೆ: 980, 1040, 1010]

ನಮಸ್ಕಾರ. ನಿಮಿಷಕ್ಕೆ 60 ಬಡಿತ ಅಂದ್ರೆ ಸೆಕೆಂಡಿಗೆ ಸರಿಯಾಗಿ ಒಂದು ಅಂತಲ್ಲ. ಉಸಿರು ಎಳೆದಾಗ ಹೃದಯ ತುಸು ಬೇಗ ಬಡಿಯುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಇದರಲ್ಲಿ ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಪಾತ್ರ ದೊಡ್ಡದು. ಈ ಏರುಪೇರೇ ಎಚ್‌ಆರ್‌ವಿ, ಅಂದ್ರೆ ಹಾರ್ಟ್ ರೇಟ್ ವೇರಿಯಬಿಲಿಟಿ.

ಬಡಿತಗಳ ನಡುವಿನ ಮೂರು ಅಂತರ 980, 1040, 1010 ಮಿಲಿಸೆಕೆಂಡ್ ಅಂದುಕೊಳ್ಳಿ. ಅಕ್ಕಪಕ್ಕದ ವ್ಯತ್ಯಾಸ 60 ಮತ್ತು 30. ಎರಡರ ವರ್ಗ ತೆಗೆದು, ಸರಾಸರಿ ಮಾಡಿ, ವರ್ಗಮೂಲ ಕಂಡುಹಿಡಿದರೆ ಸುಮಾರು 47. ಎಚ್‌ಆರ್‌ವಿ ಅಳೆಯುವ ಈ ಲೆಕ್ಕದ ಹೆಸರೇ ಆರ್‌ಎಂಎಸ್‌ಎಸ್‌ಡಿ.

ತೊಂದರೆ ಇರುವುದು ಆ ವರ್ಗದಲ್ಲೇ. ಆರೋಗ್ಯವಂತರಲ್ಲೂ ಆಗೊಮ್ಮೆ ಈಗೊಮ್ಮೆ ಒಂದು ಬಡಿತ ಮುಂಚೆಯೇ ಬಂದುಬಿಡುತ್ತದೆ. ಅಂತರ 600ಕ್ಕೆ ಇಳಿದು, ಮುಂದಿನದು 1400ಕ್ಕೆ ಹಾರಿತು ಅನ್ನಿ. ವ್ಯತ್ಯಾಸ 800, ಅದರ ವರ್ಗ 6,40,000! 5 ನಿಮಿಷದಲ್ಲಿ 300 ಬಡಿತ ಸರಿಯಿದ್ದು, ಇದೊಂದು ತಪ್ಪಿದರೂ 47 ಇರಬೇಕಾದದ್ದು 70 ದಾಟುತ್ತದೆ. ಕೈ ಅಲ್ಲಾಡಿ, ವಾಚಿನ ಬೆಳಕಿನ ಸೆನ್ಸರ್ ಒಂದು ಬಡಿತ ಬಿಟ್ಟರೂ ಲೆಕ್ಕ ಕೆಡುತ್ತದೆ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಹಾಗಾಗಿ ನನ್ನ ಮತ ಅದಕ್ಕೆ. ಇಂಥ ಬಡಿತಗಳನ್ನು ಗುರುತಿಸಿ ತೆಗೆಯುವ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು.

[ತೆರೆಯ ಮೇಲೆ: ಮಂಚದ ಮೇಲೆ ಮಲಗಿರುವ ವ್ಯಕ್ತಿ, ಎದೆಗೆ ಪಟ್ಟಿ]

ಬೆಳಿಗ್ಗೆ ಎದ್ದು ಶೌಚಾಲಯಕ್ಕೆ ಹೋಗಿ ಬನ್ನಿ. ಕಾಫಿ ಆಮೇಲೆ. ಮಲಗಿಯಾದರೂ ಅಳೆಯಿರಿ, ಕೂತಾದರೂ ಅಳೆಯಿರಿ, ಆದರೆ ದಿನಾ ಒಂದೇ ಥರ. ಒಂದೆರಡು ನಿಮಿಷ ಸುಮ್ನೆ ಇದ್ದು ಶುರು ಮಾಡಿ. 1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ತಜ್ಞರ ಸಂಘಗಳು ಸೇರಿ 5 ನಿಮಿಷದ ದಾಖಲೆಯನ್ನು ಮಾನದಂಡವಾಗಿ ಇಟ್ಟವು. ಆರ್‌ಎಂಎಸ್‌ಎಸ್‌ಡಿಗೆ 1 ನಿಮಿಷವೂ ಸಾಮಾನ್ಯವಾಗಿ ಸಾಕಾಗುತ್ತದೆ.

ಉಸಿರಾಟ ಮಾತ್ರ ಸಹಜವಾಗಿರಲಿ. ಪ್ರಾಣಾಯಾಮ ಮಾಡುವಾಗಿನಂತೆ ನಿಮಿಷಕ್ಕೆ 6 ಉಸಿರಿಗೆ ಇಳಿಸಿದರೆ ಏರುಪೇರು ಜಾಸ್ತಿಯಾಗುತ್ತದೆ. ಒಂದು ದಿನ ಹಾಗೆ, ಇನ್ನೊಂದು ದಿನ ಹೀಗೆ ಅಳೆದರೆ ಹೋಲಿಸುವುದಾದರೂ ಏನನ್ನು?

ಗೆಳೆಯರ ಸಂಖ್ಯೆ ಜೊತೆಗಂತೂ ಹೋಲಿಸಲೇಬೇಡಿ. ಆ್ಯಪಲ್ ವಾಚ್ ತೋರಿಸುವುದು ಎಸ್‌ಡಿಎನ್‌ಎನ್, ಅಂದ್ರೆ ಎಲ್ಲ ಅಂತರಗಳು ಅವುಗಳ ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಲೆಕ್ಕ; ಔರಾ ಎಂಬ ಸ್ಮಾರ್ಟ್ ಉಂಗುರ ತೋರಿಸುವುದು ಆರ್‌ಎಂಎಸ್‌ಎಸ್‌ಡಿ. ಎರಡರ ಲೆಕ್ಕವೇ ಬೇರೆ. ವಯಸ್ಸಾದಂತೆ ಎಚ್‌ಆರ್‌ವಿ ಇಳಿಯುವುದೂ ಸಹಜ ಅಲ್ವಾ?

ಎಷ್ಟೇ ಜಾಗ್ರತೆಯಿಂದ ಅಳೆದರೂ ಸಂಖ್ಯೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ನಿದ್ದೆ ಕೆಟ್ಟರೆ, ಮದ್ಯ ಕುಡಿದರೆ, ಜ್ವರ ಬರುವಂತಿದ್ದರೆ ಇಳಿಯಬಹುದು. ಕಾರಣವೇ ಕಾಣದೆಯೂ ಇಳಿಯಬಹುದು. ಅದಕ್ಕೇ ಒಂದು ದಿನದ್ದು ನೋಡಿ ಗಾಬರಿಯಾಗಬೇಡಿ. 7 ದಿನಗಳ ಸರಾಸರಿಯನ್ನು ನಿಮ್ಮದೇ ಹಿಂದಿನ ವಾರಗಳ ಪಕ್ಕ ಇಟ್ಟು ನೋಡಿ. ತಲೆಸುತ್ತು ಬಂದರೆ, ಬಡಿತ ತಪ್ಪುತ್ತಿದೆ ಅನಿಸಿದರೆ ಮಾತ್ರ ವಾಚು ನೋಡುತ್ತಾ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ ಇಸಿಜಿ ಮಾಡಿಸಿ.