ಮಾತು ಕೇಳಲ್ಲವೋ, ಕೇಳಿಸಲ್ಲವೋ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ, ಬಸವನಗುಡಿಯ ಈ ಚಳಿಯಲ್ಲಿ, ಮಕ್ಕಳನ್ನೂ ಕಟ್ಟಿಕೊಂಡು ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಹಿಂದಿನ ಸಾಲಿನವರಿಗೆ ನನ್ನ ದನಿ ಕೇಳಿಸದಿದ್ದರೆ ಕೈ ಎತ್ತಿ. ನಿಮಗೆ ಕೈ ಎತ್ತಬೇಕು ಅಂತ ಗೊತ್ತು. ಮಕ್ಕಳಿಗೆ ಗೊತ್ತಾಗುವುದಿಲ್ಲ. ಇವತ್ತು ಮುಖ್ಯವಾಗಿ ನಾನು ಹೇಳಲು ಬಂದಿರುವುದು ಅದನ್ನೇ.

ಹೋದ ವರ್ಷ ನನ್ನ ಹತ್ತಿರ 6 ವರ್ಷದ ಒಬ್ಬ ಹುಡುಗನನ್ನು ಕರೆತಂದಿದ್ದರು. ಒಂದನೇ ಕ್ಲಾಸು. ಗಮನ ಇಲ್ಲ, ಕರೆದರೆ ತಿರುಗುವುದಿಲ್ಲ ಅಂತ ಟೀಚರ್ ಡೈರಿಯಲ್ಲಿ ಬರೆದು ಕಳಿಸಿದ್ದರಂತೆ. ಅಪ್ಪ ಎರಡು ಏಟು ಕೊಟ್ಟಿದ್ದೂ ಆಗಿತ್ತು. ಅಮ್ಮ ಬಂದಿದ್ದು ಮಾತ್ರ ಗೊರಕೆಗೆ. "ದೊಡ್ಡವರ ಥರ ಗೊರಕೆ ಹೊಡೀತಾನೆ ಡಾಕ್ಟ್ರೇ, ರಾತ್ರಿಯೆಲ್ಲಾ ಹೊರಳಾಡ್ತಾನೆ" ಅಂದರು. ಹುಡುಗ ಬಾಯಿ ತೆರೆದುಕೊಂಡೇ ಕೂತಿದ್ದ. ತುಟಿ ಒಣಗಿ ಸೀಳಿತ್ತು. ನಾನು ಎದ್ದು ಅವನ ಬೆನ್ನ ಹಿಂದೆ ಹೋಗಿ ನಿಂತು, ಮೆಲ್ಲಗೆ, "ಚಾಕ್ಲೇಟ್ ಬೇಕಾ ಪುಟ್ಟಾ?" ಅಂದೆ. ಅವನು ಮೇಜಿನ ಮೇಲಿದ್ದ ಟಾರ್ಚನ್ನೇ ನೋಡುತ್ತಾ ಕೂತಿದ್ದ. ಇನ್ನೊಂದು ಸಲ ಅಂದೆ. ಊಹೂಂ. ಅಮ್ಮನ ಕಣ್ಣು ತುಂಬಿಕೊಂಡಿತು. "ಅಯ್ಯೋ, ಇಷ್ಟು ದಿನ ಸುಮ್ನೆ ಬೈದ್ವಲ್ಲ" ಅಂದರು.

ಆ ಹುಡುಗನ ಕಿವಿಯಲ್ಲಿ ನೋವಿರಲಿಲ್ಲ, ಸೋರುತ್ತಿರಲಿಲ್ಲ, ಜ್ವರವೂ ಇಲ್ಲ. ಹಾಗಿದ್ದರೆ ಏನಾಗಿತ್ತು? ನಮ್ಮ ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ ಇದೆ. ಅಲ್ಲಿಂದ ಒಂದು ಸಣ್ಣ ಕೊಳವೆ ಮೂಗಿನ ಹಿಂಭಾಗಕ್ಕೆ ಇಳಿಯುತ್ತದೆ. ದೊಡ್ಡವರಲ್ಲಿ ಅದು ಉದ್ದವಾಗಿ, ಇಳಿಜಾರಾಗಿ ಇರುತ್ತದೆ. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಮ್ಮಿ ಮಲಗಿದ ಹಾಗೇ ಇರುತ್ತದೆ, ಹಾಗಾಗಿ ಮೂಗಿನ ನೆಗಡಿ ಸಲೀಸಾಗಿ ಕಿವಿಗೆ ಹತ್ತುತ್ತದೆ, ಕಿವಿಯ ನೀರು ಮಾತ್ರ ಸಲೀಸಾಗಿ ಇಳಿಯುವುದಿಲ್ಲ. ಆ ಕೊಳವೆಯ ಬಾಯಿಯ ಪಕ್ಕದಲ್ಲೇ ಅಡಿನಾಯ್ಡ್ ಅನ್ನುವ ಗಡ್ಡೆ ಇದೆ, ಮೂಗಿನ ಹಿಂದಿನ ಟಾನ್ಸಿಲ್ ಅಂದುಕೊಳ್ಳಿ. ಎಲ್ಲ ಮಕ್ಕಳಿಗೂ ಇರುತ್ತದೆ. ಸುಮಾರು 3ರಿಂದ 7 ವರ್ಷದ ನಡುವೆ ದಪ್ಪವಾಗಿದ್ದು, ಹದಿಹರೆಯಕ್ಕೆ ಬರುವಷ್ಟರಲ್ಲಿ ಕರಗುತ್ತದೆ. ಅದು ತೀರಾ ದಪ್ಪವಾದರೆ ಮೂಗು ಕಟ್ಟಿ ಮಗು ಬಾಯಲ್ಲಿ ಉಸಿರಾಡುತ್ತದೆ, ಗೊರಕೆ ಹೊಡೆಯುತ್ತದೆ. ಕೊಳವೆ ಮುಚ್ಚಿ ಕಿವಿಯ ಕೋಣೆಯಲ್ಲಿ ನೀರು ನಿಂತು, ಬರುಬರುತ್ತಾ ಗೋಂದಿನ ಹಾಗೆ ಗಟ್ಟಿಯಾಗುತ್ತದೆ. ಗೊರಕೆಗೆ ಬಂದವನ ಕಿವಿ ನಾನು ನೋಡಿದ್ದು ಇದಕ್ಕೇ.

ಈಗ ಎಲ್ಲರೂ ಎರಡೂ ಕಿವಿಗೆ ಬೆರಳಿಟ್ಟುಕೊಳ್ಳಿ. ಗಟ್ಟಿಯಾಗಿ. ನಾನು ಎರಡು ಮಾತು ಹೇಳುತ್ತೇನೆ.

ಆಯಿತು, ತೆಗೆಯಿರಿ. ದನಿ ಕೇಳಿಸಿತು ಅಲ್ವಾ? ಮಾತು ಬಿಡಿಬಿಡಿಯಾಗಿ ಕೇಳಿಸಲಿಲ್ಲ. ಸ, ಶ, ತ ಇಂಥ ಸಣ್ಣ ಸದ್ದುಗಳು ಮೊದಲು ಹೋಗುತ್ತವೆ. 40 ಮಕ್ಕಳ ಗಲಾಟೆ ಇರುವ ಕ್ಲಾಸಿನಲ್ಲಿ, ಕೊನೇ ಬೆಂಚಿನಲ್ಲಿ, ಆ ಹುಡುಗ ದಿನಾ ಹೀಗೇ ಕೂತಿದ್ದ. ಇದರಲ್ಲಿ ಇನ್ನೊಂದು ತೊಂದರೆ ಇದೆ. ನೀರು ಏರಿಳಿಯುವುದರಿಂದ ಕೆಲವು ದಿನ ಚೆನ್ನಾಗೇ ಕೇಳಿಸುತ್ತದೆ, ಆಗ ಮನೆಯವರು "ಬೇಕಾದಾಗ ಕೇಳಿಸುತ್ತೆ ಇವನಿಗೆ" ಅನ್ನುತ್ತಾರೆ. ಟಿವಿ ಸೌಂಡು ಜಾಸ್ತಿ ಇಡುವ ಮಗು, ಪದೇಪದೇ "ಹಾಂ?" ಅನ್ನುವ ಮಗು, ನಿಮ್ಮ ಮುಖ ನೋಡಿಯೇ ಮಾತು ಅರ್ಥ ಮಾಡಿಕೊಳ್ಳುವ ಮಗು, ಇವರನ್ನು ಬೈಯುವ ಮೊದಲು ಕಿವಿ ತೋರಿಸಿ. ದಯವಿಟ್ಟು.

ಹೆದರಬೇಡಿ, ಈ ನೀರು ಬಹಳಷ್ಟು ಮಕ್ಕಳಲ್ಲಿ 3 ತಿಂಗಳೊಳಗೆ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಮುಂದಿನ ಬೆಂಚಿನಲ್ಲಿ ಕೂರಿಸಿ, ಎದುರು ನಿಂತು ಮಾತಾಡಿ. ಇದಕ್ಕೆ ಆ್ಯಂಟಿಬಯಾಟಿಕ್ ಮೇಲೆ ಆ್ಯಂಟಿಬಯಾಟಿಕ್ ಕೊಡುವುದರಿಂದ ಲಾಭವಿಲ್ಲ. 3 ತಿಂಗಳಾದರೂ ನೀರು ಹೋಗದೆ ಕೇಳಿಸುವುದು ಕಡಿಮೆಯೇ ಇದ್ದರೆ, ತಮಟೆಯಲ್ಲಿ ಗ್ರಾಮೆಟ್ ಅನ್ನುವ ಸಣ್ಣ ನಳಿಗೆ ಇಡುವುದು, ಅಡಿನಾಯ್ಡ್ ತೆಗೆಯುವುದು, ಇವೆಲ್ಲಾ ಯೋಚಿಸುತ್ತೇವೆ. ಆ ಹುಡುಗನಿಗೂ ಕಾದು ನೋಡಿ ಕೊನೆಗೆ ಎರಡನ್ನೂ ಮಾಡಬೇಕಾಯಿತು.

ಇನ್ನು ಕಿವಿನೋವು. ಬಂದರೆ ನಡುರಾತ್ರಿಯಲ್ಲೇ ಜಾಸ್ತಿ. ಮಗು ಚೀರುತ್ತದೆ, ಮನೆಯಲ್ಲಿ ಯಾರೋ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಲು ಒಲೆ ಹಚ್ಚುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ನನ್ನ ಅಜ್ಜಿಯೂ ಮಾಡುತ್ತಿದ್ದರು. ಆದರೆ ನೋವಿರುವುದು ತಮಟೆಯ ಆಚೆ, ಎಣ್ಣೆ ನಿಲ್ಲುವುದು ಈಚೆ. ತಮಟೆ ತೂತಾಗಿದ್ದರೆ ಎಣ್ಣೆ ಒಳಕ್ಕೇ ಹೋಗುತ್ತದೆ. ಬಿಸಿಯ ಅಂದಾಜು ತಪ್ಪಿ ಸುಟ್ಟ ಕಿವಿಗಳನ್ನು ನಾನು ನೋಡಿದ್ದೇನೆ. ಮಗುವಿನ ತೂಕಕ್ಕೆ ಸರಿಯಾದ ಪ್ಯಾರಾಸಿಟಮಾಲ್ ಕೊಡಿ, ಎತ್ತಿಕೊಂಡು ಕೂರಿ, ಬೆಳಗ್ಗೆ ಡಾಕ್ಟರಿಗೆ ತೋರಿಸಿ. 6 ತಿಂಗಳಿಗಿಂತ ಚಿಕ್ಕ ಮಗುವಾದರೆ, ಅಥವಾ ಕಿವಿಯ ಹಿಂದೆ ಊದಿಕೊಂಡು ಕಿವಿ ಮುಂದಕ್ಕೆ ಬಂದಂತೆ ಕಂಡರೆ, ಬೆಳಗಾಗುವವರೆಗೂ ಕಾಯಬೇಡಿ. ಪಾಪುವನ್ನು ಚಪ್ಪಟೆಯಾಗಿ ಮಲಗಿಸಿ ಬಾಟಲಿ ಹಾಲು ಕುಡಿಸಬೇಡಿ. ಮನೆಯೊಳಗೆ ಸಿಗರೇಟು ಸೇದಬೇಡಿ, ಅದೂ ಮಕ್ಕಳ ಕಿವಿಗೆ ತಟ್ಟುತ್ತದೆ. ಬಡ್ಸ್ ಬೇಡವೇ ಬೇಡ. ಗುಗ್ಗೆ ಕೊಳೆಯಲ್ಲ, ಕಿವಿಗೆ ಕಾವಲು, ತಾನಾಗಿ ಹೊರಬರುತ್ತದೆ.

ಮೂಗಿಗೆ ಬರೋಣ. ಸಣ್ಣ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಬರುವುದು ಮಾಮೂಲು. ಸಿಂಬಳ ಹಸಿರಾದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕಿಲ್ಲ. ಉಪ್ಪುನೀರಿನ ಡ್ರಾಪ್ಸ್ ಸಾಕು. ಪಾತ್ರೆಯಲ್ಲಿ ಕುದಿಯುವ ನೀರಿಟ್ಟು ಮಗುವಿಗೆ ಆವಿ ಹಿಡಿಸಬೇಡಿ, ಪಾತ್ರೆ ಉರುಳಿ ತೊಡೆ ಬೆಂದ ಮಕ್ಕಳನ್ನು ನೋಡಿದರೆ ಆಮೇಲೆ ಯಾರೂ ಆ ಕೆಲಸ ಮಾಡುವುದಿಲ್ಲ. ನಮ್ಮೂರಿನ ಧೂಳಿಗೆ, ಪಾರ್ಥೇನಿಯಂ ಗಿಡಕ್ಕೆ ಅಲರ್ಜಿ ಇರುವ ಮಕ್ಕಳೂ ಬಹಳ. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ, ಮೂಗಿನ ಮೇಲೆ ಅಡ್ಡಗೆರೆಯೇ ಬಿದ್ದಿರುತ್ತದೆ. ಅದಕ್ಕೆ ಡಾಕ್ಟರು ಕೊಡುವ ಸ್ಪ್ರೇಗೆ ಹೆದರಬೇಡಿ, ಅವರು ಹೇಳಿದಷ್ಟು ದಿನ ಹಾಕಿ.

ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ವಾಲಿಸಬೇಡಿ, ಈರುಳ್ಳಿ ಮೂಸಿಸಬೇಡಿ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಗಡಿಯಾರ ನೋಡಿಕೊಂಡು 10 ನಿಮಿಷ ಒತ್ತಿ ಹಿಡಿಯಿರಿ. ನಡುವೆ ಬಿಟ್ಟು ನೋಡಬಾರದು.

ಈಗ ಅವರೆಕಾಯಿ ಕಾಲ. ಅಮ್ಮ ಹಿತಕುತ್ತಾ ಕೂತಿರುತ್ತಾರೆ, ಪಕ್ಕದಲ್ಲಿ 2 ವರ್ಷದ ಮಗು ಒಂದು ಕಾಳನ್ನು ಮೂಗಿಗೆ ತುರುಕಿಕೊಂಡಿರುತ್ತದೆ. ಕಾಳು ಅಲ್ಲೇ ನೆನೆದು ಊದುತ್ತದೆ. ಒಂದೇ ಹೊಳ್ಳೆಯಲ್ಲಿ ನಾತದ ಸಿಂಬಳ ಬರುತ್ತಿದ್ದರೆ ಅದು ನೆಗಡಿಯಲ್ಲ, ಒಳಗೆ ಏನೋ ಇದೆ ಅಂತಲೇ ತಿಳಿಯಿರಿ. ಪಿನ್ನು, ಚಿಮಟ ಹಾಕಿ ಕೀಳಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ಕಾಳಿಗಾದರೆ ಸ್ವಲ್ಪ ಸಮಯವಿದೆ. ಆಟಿಕೆ, ರಿಮೋಟಿನ ಗುಂಡಗಿನ ಬಟನ್ ಬ್ಯಾಟರಿಗೆ ಇಲ್ಲ. ಮೂಗು, ಕಿವಿ, ಗಂಟಲು ಎಲ್ಲೇ ಸಿಕ್ಕಿಕೊಂಡರೂ ಎರಡೇ ಗಂಟೆಯಲ್ಲಿ ಸುಡಲು ಶುರು ಮಾಡಬಹುದು. ಡ್ರಾಪ್ಸ್ ಹಾಕಬೇಡಿ, ನಾಳೆ ನೋಡೋಣ ಅನ್ನಬೇಡಿ, ಆಟೋ ಹತ್ತಿ ಆಸ್ಪತ್ರೆಗೆ ಹೊರಡಿ. ಇನ್ನು ಕಡಲೆಕಾಯಿ. ಪರಿಷೆ ಈಗಷ್ಟೇ ಮುಗಿದಿದೆ, ಎಲ್ಲರ ಮನೆಯಲ್ಲೂ ಚೀಲ ತುಂಬಾ ಇರುತ್ತದೆ. 5 ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಪುಡಿ ಮಾಡಿ ಕೊಡಿ. ಚೆನ್ನಾಗಿದ್ದ ಮಗು ತಿನ್ನುತ್ತಾ ಕೆಮ್ಮಿ, ಆಮೇಲೆ ಉಸಿರಿನಲ್ಲಿ ಸಿಳ್ಳೆ ಸದ್ದು ಬಂದರೆ, ಬೀಜ ಶ್ವಾಸನಾಳಕ್ಕೆ ಇಳಿದಿರಬಹುದು.

ಟಾನ್ಸಿಲ್ ಬಗ್ಗೆ ಒಂದೇ ಮಾತು. ದಪ್ಪ ಇದೆ ಅಂತ ತೆಗೆಸುವುದಿಲ್ಲ. ಒಂದೇ ವರ್ಷದಲ್ಲಿ 7 ಸಲ ಟಾನ್ಸಿಲ್ ಊದಿ ಗಂಟಲುನೋವು ಜೋರಾಗಿ ಬಂದರೆ, ಅಥವಾ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದ್ದರೆ ಯೋಚಿಸುತ್ತೇವೆ. ಮಗು ಮಲಗಿದಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ, ನಮಗೆ ಬಹಳ ಅನುಕೂಲವಾಗುತ್ತದೆ.

ಹುಟ್ಟಿದ ಮಗುವಿಗೆ 1 ತಿಂಗಳೊಳಗೆ ಕಿವಿ ಪರೀಕ್ಷೆ ಆಗಲೇಬೇಕು. ಸಂಶಯ ಬಂದರೆ 3 ತಿಂಗಳೊಳಗೆ ಖಚಿತ ಮಾಡಿಕೊಂಡು, 6 ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾದವರು ಇದನ್ನು ಖಂಡಿತಾ ಮರೆಯಬೇಡಿ. "ಅವರಪ್ಪನೂ ಮಾತು ಕಲಿತಿದ್ದು ತಡವಾಗೇ" ಅಂತ ಕಾದು ಕಾದು 4 ವರ್ಷಕ್ಕೆ ಕರೆತರುವ ಮನೆಗಳನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ವಿಕ್ಟೋರಿಯಾ ಆಸ್ಪತ್ರೆ ಇಲ್ಲೇ ಇದೆ. ಮೈಸೂರಿನಲ್ಲಿ 1965ರಿಂದ ಇದೇ ಕೆಲಸಕ್ಕೆ ಅಂತಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಆ ಹುಡುಗನ ಮಾತು ಅರ್ಧಕ್ಕೆ ಬಿಟ್ಟಿದ್ದೆ. ಆಪರೇಷನ್ ಆದ ವಾರಕ್ಕೆ ಅಮ್ಮ ಕರೆದುಕೊಂಡು ಬಂದರು. ಮನೆಗೆ ಹೋದ ರಾತ್ರಿ ಮಲಗಿದ್ದವನು ಎದ್ದು ಕೂತು, "ಅಮ್ಮಾ, ಫ್ಯಾನು ಸದ್ದು ಮಾಡ್ತಿದೆ" ಅಂದನಂತೆ. ಅದು ಹಳೇ ಫ್ಯಾನು, ಮೊದಲಿನಿಂದಲೂ ಸದ್ದು ಮಾಡುತ್ತಿತ್ತು.

ಸರಿ, ಈಗ ನೀವು ಕೇಳಿ. ಮೈಕು ಹಿಂದಿನ ಸಾಲಿನಿಂದ ಶುರುವಾಗಲಿ.